ಒಪ್ಪತ್ತಿನ ದಿನದ ಇಂಜೆಕ್ಷನ್

ನಾನು ನಿಂತಿದ್ದದ್ದು ಆವನಿಯಿಂದ ಮೂರು ಮೈಲಿ ಆಚೆಯ ಒಂದು ಹಳ್ಳಿಯಲ್ಲಿ, ಬೀದಿಯ ಎಡಗಡೆಯ ನಾಲ್ಕನೆಯ ಮನೆಯ ಅಂಗಳದಲ್ಲಿ, ಕಲ್ಲುಕಂಬಕ್ಕೆ ಒರಗಿಸಿದ್ದ ನನ್ನ ಸೈಕಲ್ಲಿನ ಪಕ್ಕ. ೧೯೮೨ನೆಯ ಇಸವಿ, ಶ್ರಾವಣದ ಎರಡನೆಯ ಶನಿವಾರ. ಹೊತ್ತು ಹನ್ನೊಂದೂವರೆ ದಾಟಿತ್ತು, ಹನ್ನೆರಡು ಆಗಿರಲಿಲ್ಲ. ಮುಳಬಾಗಿಲಿನ ಬಸ್ಸು ದೂಳೆಬ್ಬಿಸಿಕೊಂಡು ಹೋದ ಮೇಲೆ ನಾನು ಎರಡು ಮನೆ ಮುಗಿಸಿದ್ದೆ, ಆ ಲೆಕ್ಕದಿಂದ ಹೇಳುತ್ತಿದ್ದೇನೆ. ನನಗೂ ಆ ಮನೆಯ ಯಜಮಾನನಿಗೂ ನಡುವೆ ಹತ್ತು ಹೆಜ್ಜೆ ಇತ್ತು. ಆಮೇಲೆ ಒಂದು ದಿನ ಅಂಗಳದಲ್ಲಿ ಯಾರೂ ಇಲ್ಲದಾಗ ಅದನ್ನು ನಡೆದು ನೋಡಿದ್ದೇನೆ.

ನಾನು ಆಗ ಮಲೇರಿಯಾ ಕೆಲಸದವನು. ಹದಿನೈದು ದಿನಕ್ಕೊಮ್ಮೆ ಪ್ರತಿ ಮನೆಯ ಬಾಗಿಲಿಗೆ ಹೋಗಿ ಜ್ವರ ಇದೆಯೇ ಎಂದು ಕೇಳಬೇಕು. ಇದ್ದರೆ ಬೆರಳು ಚುಚ್ಚಿ ಗಾಜಿನ ಮೇಲೆ ಒಂದು ಹನಿ ರಕ್ತ ತೆಗೆಯಬೇಕು. ಇಲ್ಲದಿದ್ದರೆ ಬಾಗಿಲ ಪಕ್ಕದ ಗೋಡೆಯ ಮೇಲೆ ಬಳಿದಿದ್ದ ಚೌಕದಲ್ಲಿ ತಾರೀಖು, ಅದರ ಮುಂದೆ ‘ಜ್ವರ ಇಲ್ಲ’ ಎಂದು ಬರೆದು ಸಹಿ ಹಾಕಿ ಮುಂದಿನ ಮನೆಗೆ ಹೋಗಬೇಕು. ಮುಳಬಾಗಿಲಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಬೆಳಿಗ್ಗೆ ಒಂದು ಮುದ್ದೆ ಕಟ್ಟಿಕೊಂಡು, ಒಂದು ಹಸಿಮೆಣಸಿನಕಾಯಿ ಇಟ್ಟುಕೊಂಡು ಹೊರಟರೆ ಸಂಜೆ ಬರುವವರೆಗೆ ಸೈಕಲ್ಲೇ ಜೊತೆ. ದಿನಕ್ಕೆ ಐವತ್ತು ಬಾಗಿಲಲ್ಲಿ ಮಾತಾಡಿದರೂ, ಕೋಣೆಗೆ ಬಂದು ಚಿಲಕ ಹಾಕಿಕೊಂಡಾಗ ಇವತ್ತು ಯಾರೊಡನೆಯೂ ಮಾತಾಡಿಲ್ಲ ಎನ್ನಿಸುತ್ತಿತ್ತು.

ಅದರ ಹಿಂದಿನ ವರ್ಷ ನಮ್ಮ ಆರೋಗ್ಯ ಕೇಂದ್ರಕ್ಕೆ ಒಬ್ಬ ಹೊಸ ಡಾಕ್ಟರು ಬಂದರು. ಹಳ್ಳಿಯವರು ‘ವಾಯು’ ಎಂದುಕೊಂಡು ಎದೆ ಹಿಡಿದುಕೊಂಡೇ ಸಾಯುವುದನ್ನು, ಕಾಲಿನ ಹುಣ್ಣು ಮಾಯದೆ ಬೆರಳು ಕಳೆದುಕೊಳ್ಳುವುದನ್ನು ನೋಡಿ ನೋಡಿ ಅವರಿಗೆ ಬೇಸರವಾಗಿತ್ತು. ಒಂದು ದಿನ ನನ್ನನ್ನು ಕರೆದು, “ಜ್ವರ ಕೇಳೋಕೆ ಹೇಗೂ ಬಾಗಿಲಿಗೆ ಹೋಗ್ತೀಯಲ್ಲಯ್ಯ, ನಲವತ್ತು ದಾಟಿದೋರ ಮೂತ್ರಾನೂ ನೋಡ್ಕೊಂಡು ಬಾ” ಎಂದರು. ಇದಕ್ಕೆ ಮೇಲಿನಿಂದ ಯಾವ ಆದೇಶವೂ ಇರಲಿಲ್ಲ. ಒಂದು ಸ್ಪಿರಿಟ್ ದೀಪ, ನಾಲ್ಕು ಗಾಜಿನ ನಳಿಕೆ, ಒಂದು ಸೀಸೆ ನೀಲಿ ದ್ರಾವಣ ಕೊಟ್ಟರು. ನೀಲಿ ದ್ರಾವಣಕ್ಕೆ ಎಂಟು ಹನಿ ಮೂತ್ರ ಹಾಕಿ ಕಾಯಿಸಬೇಕು. ನೀಲಿ ಹಾಗೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಕೊನೆಗೆ ಇಟ್ಟಿಗೆಯ ಕೆಂಪು ಬಂದರೆ ಕಾಯಿಲೆ ಬಲವಾಗಿದೆ ಎಂದರ್ಥ. ಪಾರ್ಶ್ವವಾಯು ಬಡಿದವರ ಮನೆ ಸಿಕ್ಕರೆ ಗುರುತು ಹಾಕಿಕೊಂಡು ಬಾ, ನಾನೇ ಬಂದು ಉಳಿದವರ ಬಿ.ಪಿ. ನೋಡುತ್ತೇನೆ ಎಂದೂ ಹೇಳಿದ್ದರು. ಹಾಗೆ ಬರುತ್ತಲೂ ಇದ್ದರು.

ಜನ ನಕ್ಕರು. “ಏನ್ ಸಾರ್, ರಕ್ತ ಆಯ್ತು, ಈಗ ಇದೂ ಬೇಕಾ ಸರ್ಕಾರಕ್ಕೆ?” ಎಂದು ಒಬ್ಬ ಅಜ್ಜಿ ಕೇಳಿದಳು. ದಿನಾ ನಡೆಯಬೇಕು ಎಂದು ಡಾಕ್ಟರ ಮಾತನ್ನು ಒಬ್ಬ ರೈತನಿಗೆ ಹೇಳಿದರೆ, “ಬನ್ನಿ ಸಾರ್, ನಾಳೆ ಎತ್ತಿನ ಹಿಂದೆ ನನ್ ಜೊತೆ ನಡೀರಿ, ಸಾಯಂಕಾಲ ಯಾರಿಗೆ ಕಾಯ್ಲೆ ಅಂತ ನೋಡಾನ” ಎಂದ. ಸಕ್ಕರೆ ಕಾಯಿಲೆ ಎಂದರೆ ಪೇಟೆಯ ಸಾಹುಕಾರರಿಗೆ ಬರುವುದು ಎಂದು ಎಲ್ಲರೂ ತಿಳಿದಿದ್ದರು. ರಾಗಿ ತಿನ್ನುವವನ ಹತ್ತಿರಕ್ಕೂ ಅದು ಬರುವುದಿಲ್ಲ ಎಂದು ನಾನೂ ನಂಬಿದ್ದೆ.

ಆ ನಾಲ್ಕನೆಯ ಮನೆಯವನದು ಇಟ್ಟಿಗೆಯ ಕೆಂಪು ಬಂತು. ಐವತ್ತರ ಆಚೀಚೆಯ ವಯಸ್ಸು. ಎರಡು ಎಕರೆ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುತ್ತಿದ್ದ. ಒಂದು ವರ್ಷದಲ್ಲಿ ಮೈ ಒಣಗಿ ಅಂಗಿಯೊಳಗೆ ಕಳೆದುಹೋಗಿದ್ದ. ಮಾತ್ರೆ ಹಿಡಿಯಲಿಲ್ಲ. ಡಾಕ್ಟರು ಇನ್ಸುಲಿನ್ ಬರೆದರು, ದಿನಾ ಬೆಳಿಗ್ಗೆ ಒಂದು ಸಲ. ದಿನಾ ಮುಳಬಾಗಿಲಿಗೆ ಬರುವುದು ಆಗದ ಮಾತಾದ್ದರಿಂದ ಅವನ ಹೆಂಡತಿಗೆ ಚುಚ್ಚುವುದನ್ನು ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಒಂದು ವಾರ ಟೊಮೇಟೊ ಹಣ್ಣಿಗೆ ಚುಚ್ಚಿಸಿ ಕಲಿಸಿದೆ. ಆಕೆಗೆ ಓದು ಬರುತ್ತಿರಲಿಲ್ಲ, ಆದರೆ ಅಂಥ ಕೈಯನ್ನು ನಾನು ಮತ್ತೆ ನೋಡಿಲ್ಲ. ಹುಳುವಿಗೆ ಹೊತ್ತು ಹೊತ್ತಿಗೆ ಸೊಪ್ಪು ಕೊಟ್ಟು, ಕೈ ತೊಳೆಯದವರನ್ನು ಹುಳುಮನೆಯ ಹೊಸಿಲು ದಾಟಿಸದೆ ಬದುಕಿದವಳು. ಇನ್ಸುಲಿನ್ ಸೀಸೆಯನ್ನು ಹುಳುಮನೆಯ ತಂಪಿನಲ್ಲೇ ಒದ್ದೆ ಮರಳು ತುಂಬಿದ ಕುಡಿಕೆಯಲ್ಲಿಟ್ಟಳು. ಸೂಜಿ ಕುದಿಸುವ ಪಾತ್ರೆಯನ್ನು ಬೇರೆ ಯಾವುದಕ್ಕೂ ಮುಟ್ಟಲಿಲ್ಲ.

ನಾನು ಹೇಳಿದ್ದು ಎರಡು ಮಾತು. ಒಂದು, ಒಂದು ದಿನವೂ ಇಂಜೆಕ್ಷನ್ ತಪ್ಪಬಾರದು. ಇನ್ನೊಂದು, ಸಕ್ಕರೆ, ಬೆಲ್ಲ, ಬಾಳೆಹಣ್ಣು ನಾಲಿಗೆಗೂ ಸೋಕಬಾರದು, ಅವನು ಅಂಗಲಾಚಿದರೂ ಕೊಡಬಾರದು. ಮೂರನೆಯದೊಂದಿತ್ತು. ಚುಚ್ಚಿದ ಮೇಲೆ ಹೊಟ್ಟೆಗೆ ತಿನ್ನಲೇಬೇಕು, ಇಲ್ಲದಿದ್ದರೆ ಸಕ್ಕರೆ ಇಳಿದು ಬೆವರಿ ಬಿದ್ದುಬಿಡುತ್ತಾರೆ. ಡಾಕ್ಟರು ಇದನ್ನು ಜೀಪು ಹತ್ತುತ್ತಾ ಒಂದೇ ವಾಕ್ಯದಲ್ಲಿ ಹೇಳಿದ್ದರು. ನಾನು ಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ. ಬೆಳಿಗ್ಗೆ ಎದ್ದು ಮುದ್ದೆ ತಿನ್ನದ ರೈತ ಯಾರಿದ್ದಾನೆ ಎಂದುಕೊಂಡಿರಬೇಕು.

ಆ ಮನೆಯದು ವೆಂಕಟರಮಣನ ಒಕ್ಕಲು. ಶ್ರಾವಣದ ಶನಿವಾರಗಳಲ್ಲಿ ಮನೆಯ ಯಜಮಾನ ತಲೆಗೆ ನೀರು ಹಾಕಿಕೊಂಡು, ನಾಮ ಇಟ್ಟುಕೊಂಡು, ಕೊರಳಿಗೆ ತುಳಸಿ ಸುತ್ತಿದ ತಾಮ್ರದ ಪಾತ್ರೆ ಹಿಡಿದು, ಗೋವಿಂದನ ಹೆಸರು ಕೂಗುತ್ತಾ ಮನೆಮನೆಗೆ ಹೋಗಿ ಅಕ್ಕಿ ಬೇಡಬೇಕು. ಬೇಡಿದ ಅಕ್ಕಿಯನ್ನು ಬೇಯಿಸಿ, ದೇವರಿಗೆ ಎಡೆ ಇಟ್ಟು, ಆಮೇಲೆಯೇ ಊಟ. ಅಲ್ಲಿಯವರೆಗೆ ಹನಿ ನೀರೂ ಇಲ್ಲ. ಅವನು ಹುಟ್ಟಿದಾಗಿನಿಂದ ನಡೆದುಬಂದ ಒಪ್ಪತ್ತು ಅದು. ಇನ್ಸುಲಿನ್ ಶುರುವಾಗಿದ್ದು ಆಷಾಢದ ಕೊನೆಗೆ. ಮೊದಲನೆಯ ಶನಿವಾರ ಮನೆಯಲ್ಲಿ ಮೂರು ದಿನದ ಸೂತಕ ಬಂದು ಪೂಜೆ ನಡೆದಿರಲಿಲ್ಲ. ಎರಡನೆಯ ಶನಿವಾರ ಬೆಳಿಗ್ಗೆ ಆರಕ್ಕೆ ಹೆಂಡತಿ ಇಂಜೆಕ್ಷನ್ ಕೊಟ್ಟಳು. ಅವನು ಪಾತ್ರೆ ಹಿಡಿದು ಹೊರಟ. ಇಬ್ಬರೂ ಒಂದನ್ನೂ ತಪ್ಪಿಸಲಿಲ್ಲ.

ನಾನು ಅಂಗಳಕ್ಕೆ ಬಂದಾಗ ಅವನು ಬೀದಿ ಮುಗಿಸಿ ಬಂದು ತುಳಸಿಕಟ್ಟೆಯ ಮುಂದೆ ನಿಂತಿದ್ದ. ನಾನು ಮೊದಲು ಗೋಡೆಯ ಚೌಕ ತುಂಬಿ ಸಹಿ ಹಾಕಿದೆ. ತಿರುಗಿದಾಗ ಅವನ ಕೈಯ ಪಾತ್ರೆ ನಡುಗುತ್ತಿತ್ತು, ಅಕ್ಕಿ ಚೆಲ್ಲುತ್ತಿತ್ತು. ಮುಖದಿಂದ ಬೆವರು ಸುರಿದು ನಾಮ ಕರಗಿ ಮೂಗಿನ ಮೇಲೆ ಇಳಿದಿತ್ತು. ಮೋಡ ಮುಚ್ಚಿದ ತಣ್ಣನೆಯ ದಿನ ಅದು. ಅವನು ಏನೋ ಹೇಳುತ್ತಿದ್ದ, ಮಾತು ತೊದಲುತ್ತಿತ್ತು. ಆಮೇಲೆ ಜೋರಾಗಿ ನಕ್ಕ.

ಜಾಗಟೆ ಬಾರಿಸುತ್ತಿದ್ದ ಎದುರುಮನೆಯವನು ಕೈ ನಿಲ್ಲಿಸಿ ನೋಡಿದ. “ಸ್ವಾಮಿ ವಚ್ಚಿನಾಡು!” ಎಂದು ತೆಲುಗಿನಲ್ಲಿ ಕೂಗಿದ. ಸ್ವಾಮಿ ಬಂದಿದ್ದಾನೆ ಎಂದು. ಕೂಗಿ ಇನ್ನೂ ಜೋರಾಗಿ ಬಾರಿಸತೊಡಗಿದ. ಹೆಂಗಸರು ಸೆರಗೊಡ್ಡಿ ನಿಂತರು. ಒಬ್ಬ ಮುದುಕ ಅಡ್ಡಬಿದ್ದು, “ಮಳೆ ಯಾವಾಗ ಕೊಡ್ತೀಯಪ್ಪ, ಹೇಳು” ಎಂದು ಕೇಳಿದ. ಯಾರೋ ಕರ್ಪೂರ ಹಚ್ಚಿದರು.

ನಾನೂ ಕೈ ಮುಗಿದಿದ್ದೆ. ಇದನ್ನು ಬರೆಯದೆ ಬಿಡಬಹುದಿತ್ತು.

“ಹಸಿವು” ಎಂದ ಅವನು. ಆ ಮಾತು ಸ್ಪಷ್ಟವಾಗಿ ಕೇಳಿಸಿತು. “ಹಸಿವಾಗ್ತೈತೆ.”

“ದೇವ್ರು ಎಡೆ ಕೇಳ್ತೈತೆ ಕಣ್ರೇ!” ಎಂದಳು ಅವನ ತಮ್ಮನ ಹೆಂಡತಿ. ಒಳಗೆ ಓಡಿ, ಎಡೆಗೆ ಮಾಡಿಟ್ಟಿದ್ದ ಬೆಲ್ಲದ ಪಾನಕದ ಚೊಂಬು ತಂದಳು. ಅವನ ಬಾಯಿಗೆ ಹಿಡಿಯಲು ಹೋದಾಗ ಹೆಂಡತಿ ಅಡ್ಡ ಬಂದಳು.

“ಬ್ಯಾಡ ಕಣೇ, ಬೆಲ್ಲ ಅದು.”

“ಅಕ್ಕಾ, ಕೇಳ್ತಿರೋದು ಭಾವ ಅಲ್ಲ, ಸ್ವಾಮಿ!”

“ಸ್ವಾಮಿ ಹೋದ್ಮೇಲೆ ಬೆಲ್ಲ ಇವರ ಮೈಯಾಗೇ ಉಳೀತೈತಲ್ಲೇ. ಇರು, ಸಾರ್ ಇಲ್ಲೇ ಅವ್ರೆ.” ಆಕೆ ನನ್ನ ಕಡೆ ತಿರುಗಿದಳು. “ಸಾರ್, ಕೊಡಬೋದಾ?”

ಎಲ್ಲರೂ ನನ್ನ ಕಡೆ ನೋಡಿದರು. ಜಾಗಟೆಯೂ ನಿಂತಿತು. ನಾನು ಬೇಡ ಎಂದು ತಲೆಯಾಡಿಸಿದೆ.

ಅಲ್ಲಿಂದ ಅವನು ಬೀಳುವವರೆಗೆ ಎಷ್ಟು ಹೊತ್ತು ಎಂಬುದನ್ನು ನಾನು ಖಚಿತವಾಗಿ ಹೇಳಲಾರೆ. ಒಂದು ಬೀಡಿ ಸೇದಿ ಮುಗಿಸುವಷ್ಟು ಇದ್ದೀತು. ಆ ಹೊತ್ತಿನಲ್ಲಿ ಮತ್ತೆ ಜಾಗಟೆ ಶುರುವಾಗಿತ್ತು, ಮುದುಕ ಮಳೆಯ ಪ್ರಶ್ನೆಯನ್ನು ಮತ್ತೆ ಕೇಳಿದ್ದ. ಬಿದ್ದವನ ಕೈಕಾಲು ಸೆಟೆದುಕೊಂಡು ಅದುರಿದವು. ಆಗ ನಾನು ಆ ಹತ್ತು ಹೆಜ್ಜೆ ಓಡಿದೆ. ಅವನ ಎದೆ ಮುಟ್ಟಿದೆ. ಬಾವಿಯ ಕಲ್ಲಿನಂತೆ ಒದ್ದೆಯಾಗಿ ತಣ್ಣಗಿತ್ತು. ಮುಟ್ಟಿದ ಕೈಗೆ ಡಾಕ್ಟರ ಮಾತು ನೆನಪಾಯಿತು.

“ಪಾನಕ! ಪಾನಕ ತನ್ನಿ!” ಎಂದು ಕಿರುಚಿದೆ. ಈಗ ಆ ಹೆಂಗಸರು ನನ್ನನ್ನು ನೋಡಿದ ನೋಟವನ್ನು ವಿವರಿಸಲಾರೆ. ಹಲ್ಲು ಕಚ್ಚಿಕೊಂಡಿತ್ತು, ಪಾನಕ ಕೆನ್ನೆಯ ಮೇಲೆ ಹರಿದುಹೋಯಿತು. ಬೆಲ್ಲದ ಪುಡಿಯನ್ನು ಬೆರಳಿನಿಂದ ಅವನ ಕೆನ್ನೆಯ ಒಳಗೆ ತಿಕ್ಕಿದೆ. ಟ್ರ್ಯಾಕ್ಟರಿಗೆ ಜನ ಓಡಿ, ಹೊಲದಿಂದ ಅದು ಬಂದು, ಅವನನ್ನು ಗೋಣಿತಾಟಿನ ಮೇಲೆ ಮಲಗಿಸಿ ಮುಳಬಾಗಿಲು ಮುಟ್ಟುವಷ್ಟರಲ್ಲಿ ಎರಡು ಗಂಟೆ ಕಳೆದಿತ್ತು. ದಾರಿಯುದ್ದಕ್ಕೂ ಅವನ ತಲೆ ನನ್ನ ತೊಡೆಯ ಮೇಲಿತ್ತು.

ಡಾಕ್ಟರು ನರಕ್ಕೆ ಗ್ಲೂಕೋಸ್ ಹಾಕಿದರು. ಹಾಕುತ್ತಲೇ, “ಬೆಳಿಗ್ಗೆ ಏನ್ ತಿಂದಿದ್ದ?” ಎಂದು ಕೇಳಿದರು.

“ಏನೂ ಇಲ್ಲ ಸಾರ್. ಒಪ್ಪತ್ತು.”

ಡಾಕ್ಟರು ಸೂಜಿ ಹೊರತೆಗೆದರು. “ಶ್ರಾವಣ ಬಂದಿದ್ದು ನನಗೂ ಹೊಳೀಲಿಲ್ಲ ಕಣಯ್ಯ” ಎಂದರು.

“ನೀವು ಹೇಳಿದ್ರಿ ಸಾರ್. ನಾನು ಅವರಿಗೆ ಹೇಳಲಿಲ್ಲ.”

ಅವರು ಬಗ್ಗಿ ಅವನ ನಾಡಿ ಹಿಡಿದು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

ಜೀವ ಉಳಿಯಿತು. ಸಾಯಂಕಾಲಕ್ಕೆ ಕಣ್ಣು ಬಿಟ್ಟ. ಆದರೆ ಮಾತು ಮತ್ತೆ ಸರಿಯಾಗಿ ಕೂಡಲಿಲ್ಲ, ಬಲಗೈಗೆ ಸೊಪ್ಪು ಕತ್ತರಿಸುವ ಬಲ ಬರಲಿಲ್ಲ. ಊರು ಮಾತ್ರ ಅವನನ್ನು ಬೇರೆ ಥರ ಕಂಡಿತು. ಸ್ವಾಮಿ ಬಂದು ಹೋಗುವಾಗ ಮಾತನ್ನು ಕಾಣಿಕೆಯಾಗಿ ತೆಗೆದುಕೊಂಡು ಹೋದ ಎಂದರು. ಜಗುಲಿಯ ಮೇಲೆ ಕೂತ ಅವನಿಗೆ ಹೊಲಕ್ಕೆ ಹೋಗುವವರು ಕೈ ಮುಗಿದು ಹೋಗುತ್ತಿದ್ದರು. ನನ್ನನ್ನು ಯಾರೂ ಒಂದು ಮಾತು ಅನ್ನಲಿಲ್ಲ. “ಸಾರ್ ಇದ್ದಿದ್ದಕ್ಕೆ ಉಳಕೊಂಡ” ಎಂದು ಕಾಫಿ ಕೊಟ್ಟರು. ಹದಿನೈದು ದಿನದ ನಂತರ ಆ ಗೋಡೆಯ ಮುಂದೆ ನಿಂತಾಗ, ಆ ಶನಿವಾರದ ತಾರೀಖಿನ ಮುಂದೆ ‘ಜ್ವರ ಇಲ್ಲ’ ಎಂಬ ನನ್ನ ಅಕ್ಷರವೂ ಸಹಿಯೂ ಹಾಗೇ ಇದ್ದವು.

ಆಮೇಲೆ ನಮ್ಮ ಕೆಲಸದ ರೀತಿ ಬದಲಾಯಿತು. ಡಾಕ್ಟರು ಪುಸ್ತಕದಲ್ಲಿ ಹೊಸದೊಂದು ಕಾಲಂ ಗೆರೆ ಹಾಕಿದರು: ಒಪ್ಪತ್ತಿನ ವಾರ. ಔಷಧಿಗಿಂತ ಮೊದಲು ಅದನ್ನು ಕೇಳುವುದು. ಸೋಮವಾರವೋ, ಶನಿವಾರವೋ, ಏಕಾದಶಿಯೋ. ಮುಸಲ್ಮಾನರ ಮನೆಯಾದರೆ ರಂಜಾನ್ ಉಪವಾಸ ಹಿಡಿಯುತ್ತಾರೋ ಇಲ್ಲವೋ. ಮುಂದೆ ನನಗೆ ಮಾಲೂರಿಗೂ ಆಮೇಲೆ ಶ್ರೀನಿವಾಸಪುರಕ್ಕೂ ವರ್ಗವಾಯಿತು. ಮಾಸ್ತಿ, ಲಕ್ಕೂರಿನ ಕಡೆಯ ಹಳ್ಳಿಗಳಲ್ಲೂ ನನ್ನ ಮೊದಲ ಪ್ರಶ್ನೆ ಅದೇ. “ಏನ್ ಸಾರ್, ಜಾತ್ಕ ಬರೀತೀರಾ?” ಎಂದು ತಮಾಷೆ ಮಾಡುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ. ಹೊಸ ಊರುಗಳಲ್ಲಿ ಹೊಸ ಕೋಣೆಗಳು. ಭಾನುವಾರ ಬಾಗಿಲು ತೆರೆದಿಟ್ಟುಕೊಂಡು ಕೂತರೂ ಯಾರೂ ಒಳಗೆ ಬರುತ್ತಿರಲಿಲ್ಲ. ಬಂದಿದ್ದರೆ ಹೇಳುತ್ತಿದ್ದೆನೋ ಇಲ್ಲವೋ ತಿಳಿಯದು.

ಹೇಳಿದ್ದು ಆ ಹೆಂಡತಿಗೆ, ಐದು ವರ್ಷದ ಮೇಲೆ, ಅವನು ತೀರಿಕೊಂಡ ಸುದ್ದಿ ಕೇಳಿ ಹೋದಾಗ. ಆಕೆ ಹುಳುಮನೆಯ ಮುಂದೆ ಸೊಪ್ಪು ಹೆಚ್ಚುತ್ತಿದ್ದಳು. ತಿನ್ನಬೇಕೆಂದು ನಾನು ಹೇಳದೇ ಇದ್ದದ್ದು, ಪಾನಕ ಬೇಡ ಎಂದು ತಲೆಯಾಡಿಸಿದ್ದು, ಕೊಟ್ಟಿದ್ದರೆ ಅವನ ಮಾತು ಉಳಿಯುತ್ತಿತ್ತು ಎನ್ನುವುದು, ಎಲ್ಲವನ್ನೂ ನಡೆದ ಕ್ರಮದಲ್ಲಿ ಹೇಳಿದೆ. ಆಕೆ ಕತ್ತಿ ನಿಲ್ಲಿಸಲಿಲ್ಲ.

“ಆವತ್ತು ನಾನು ನಿಮ್ಮ ಮುಖ ನೋಡ್ದೆ ಸಾರ್,” ಎಂದಳು. “ನಿಮಗೆ ಗೊತ್ತಿಲ್ಲ ಅಂತ ಆವಾಗ್ಲೇ ಗೊತ್ತಾಯ್ತು. ಆದ್ರೂ ನಾನು ಕೊಡ್ಲಿಲ್ಲ.”

ನಾನು ಏನೋ ಹೇಳಲು ಹೋದೆ. ಆಕೆ ತಡೆದಳು.

“ಊರಾಗೆ ಹೇಳ್ಬ್ಯಾಡಿ. ಕೊನೇವರ್ಗೂ ಜನ ಅವರಿಗೆ ಕೈ ಮುಗಿದ್ರು. ಅದೊಂದು ಇರ್ಲಿ. ನಮ್ಮಿಬ್ರಿಗೆ ಗೊತ್ತಲ್ಲ, ಸಾಕು.”

ಹಾಗಾಗಿ ಇಷ್ಟು ವರ್ಷ ಹೇಳಲಿಲ್ಲ. ಡಾಕ್ಟರೂ ಆಕೆಯೂ ತೀರಿಕೊಂಡ ಮೇಲೆ, ಗೊತ್ತಿರುವವನು ನಾನೊಬ್ಬನೇ ಉಳಿದೆ. ಅದನ್ನು ಒಬ್ಬನೇ ಇಟ್ಟುಕೊಂಡಿರಲಾರದೆ, ಊರಿನ ಹೆಸರನ್ನೂ ಮನೆಯ ಹೆಸರನ್ನೂ ಬಿಟ್ಟು, ಉಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಆ ಅಂಗಳದಲ್ಲಿ ಅಂದು ನನ್ನನ್ನೂ ಸೇರಿಸಿ ಹನ್ನೊಂದು ಜನ ಇದ್ದೆವು. ಎಂಟು ಜನ ಈಗಿಲ್ಲ. ಇರುವವರು: ಅವನ ತಮ್ಮನ ಹೆಂಡತಿ, ಅದೇ ಮನೆಯಲ್ಲಿ, ಆಕೆಗೆ ಎಷ್ಟು ಅರ್ಥವಾಗಿತ್ತೋ ನಾನು ಕೇಳಿಲ್ಲ. ಎದುರುಮನೆಯವನು, ಈಗ ಕಿವಿ ಕೇಳದು, ಶ್ರೀನಿವಾಸಪುರದಲ್ಲಿ ಮಗಳ ಜೊತೆ ಇದ್ದಾನೆ. ಮತ್ತೆ ನಾನು.