ಜೀಪಿಗೆ ಭಾರವಾದವರು

ನಾನು ಸೊಸೆಯಾಗಿ ಬರುವುದಕ್ಕೆ ಒಂದು ವರ್ಷ ಮೊದಲೇ ಆ ಮನೆಗೆ ಜೀಪು ಬಂದಿತ್ತು. ಹಾಗಾಗಿ ಹಿರಿತನ ಅದರದ್ದೇ. ಮಿಲಿಟರಿಯವರು ಹರಾಜಿಗೆ ಹಾಕಿದ್ದ ಗಾಡಿ. ನನ್ನ ಗಂಡ ಅದರ ಹಸಿರು ಬಣ್ಣವನ್ನೂ ಬದಲಿಸದೆ ಓಡಿಸುತ್ತಿದ್ದರು. ಎಪ್ಪತ್ತರ ದಶಕದ ನಡುವಿನ ಮಾತು. ಮೇಳಿಗೆಯಿಂದ ಗುಡ್ಡದ ಮೇಲಿನ ನಮ್ಮ ಊರಿಗೆ ದಾರಿ ಎಂದರೆ ಎರಡು ಚಕ್ರದ ಗೀರು, ನಡುವೆ ಹುಲ್ಲು, ಅಲ್ಲಲ್ಲಿ ಎದ್ದು ನಿಂತ ಬಂಡೆ. ಬಸ್ಸು ಕೆಳಗೇ ನಿಲ್ಲುತ್ತಿತ್ತು. ನಾಲ್ಕೂ ಚಕ್ರ ಎಳೆಯುವ ಗಾಡಿ ಇಲ್ಲದವರಿಗೆ ಅಲ್ಲಿಂದ ಮೇಲೆ ಕಾಲೇ ಗತಿ.

ಊರಿಗೆಲ್ಲ ಅದೊಂದೇ ಜೀಪಾದ್ದರಿಂದ ಅದು ಹೊರದ ವಸ್ತುವಿರಲಿಲ್ಲ. ಅಡಿಕೆ ಮೂಟೆ, ಗೊಬ್ಬರ, ಪಂಪ್‌ಸೆಟ್ಟು, ಮದುವೆಯ ಹಂಡೆ ಕೊಪ್ಪರಿಗೆ, ಮದುವೆಯ ದಿಬ್ಬಣ, ಒಮ್ಮೆ ಕಾಲು ಮುರಿದ ಎಮ್ಮೆಕರು. ಯಾರು ಕೇಳಿದರೂ ಇಲ್ಲ ಅನ್ನಲು ನನ್ನ ಗಂಡನಿಗೆ ಬರುತ್ತಿರಲಿಲ್ಲ. ಮನೆಯಲ್ಲಿ ನನಗೆ ಮಾತ್ರ ಹಾಗನ್ನುವುದು ಅವರಿಗೆ ಚೆನ್ನಾಗಿ ಬರುತ್ತಿತ್ತು.

ಹೊತ್ತೂ ಹೊತ್ತೂ ಜೀಪಿನ ಹಿಂಭಾಗ ಕುಸಿಯಿತು. ಗಾಡಿಯ ಭಾರವನ್ನು ಹೊರುವುದು ಕಮಾನು ಪ್ಲೇಟುಗಳು: ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳು, ಉದ್ದದ್ದು ಮೇಲೆ, ಅದರ ಕೆಳಗೆ ಒಂದಕ್ಕಿಂತ ಒಂದು ಗಿಡ್ಡ. ನಮ್ಮ ಜೀಪಿನ ಹಿಂದಿನ ಪ್ಲೇಟುಗಳು ಬಾಗು ಕಳೆದುಕೊಂಡು ಚಪ್ಪಟೆಯಾಗಿದ್ದವು. ಮೂಟೆ ಹಾಕಿದರೆ ಹಿಂಭಾಗ ಕೂತು ಮೂತಿ ಮೇಲೇಳುತ್ತಿತ್ತು. ಸಂಜೆ ಹೊತ್ತು ದೀಪ ಹಾಕಿದರೆ ಬೆಳಕು ದಾರಿ ಬಿಟ್ಟು ಮರದ ತುದಿಗೆ ಬೀಳುತ್ತಿತ್ತು.

“ದಾರಿ ಕಾಣ್ದಿದ್ರೂ ಮಂಗ ಆದ್ರೂ ಕಾಣ್ತಾವಲ್ಲ,” ಎಂದು ನಾನು ಹಂಗಿಸುತ್ತಿದ್ದೆ.

ಕೊನೆಗೆ ಇವರು ಜೀಪನ್ನು ಸಾಗರಕ್ಕೆ ಕೊಂಡೊಯ್ಯಲು ಹೊರಟರು. ಲಾರಿಗಳಿಗೆ ಕಮಾನು ಕಟ್ಟುವ ಕುಲುಮೆಯೊಂದು ಅಲ್ಲಿತ್ತು. ನಾದಿನಿಯ ಮನೆಯೂ ಸಾಗರದಲ್ಲೇ ಇದ್ದುದರಿಂದ ನಾನೂ ಹತ್ತಿ ಕೂತೆ. ನಾದಿನಿಯ ಮನೆಯಲ್ಲಿ ಕೂತು ಹರಟುವುದು ಬಿಟ್ಟು ಆ ಕುಲುಮೆಯ ಎದುರು ಅರ್ಧ ದಿನ ನಿಲ್ಲುತ್ತೇನೆಂದು ಯಾರಾದರೂ ಮೊದಲೇ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಆದರೆ ನಿಂತೆ. ಕುಲುಮೆಯವನು ಒಂದು ಹಳೇ ಲಾರಿಯ ದಪ್ಪ ಪ್ಲೇಟನ್ನು ನಮ್ಮ ಜೀಪಿನ ಅಳತೆಗೆ ಕತ್ತರಿಸಿ ಬೆಂಕಿಗಿಟ್ಟಿದ್ದ. ದೊಡ್ಡ ಬಾಯಿಯ ಮನುಷ್ಯ. ತನ್ನ ಕೆಲಸವನ್ನು ತಾನೇ ಹೊಗಳಿಕೊಳ್ಳುತ್ತಲೇ ಸುತ್ತಿಗೆ ಬೀಸುತ್ತಿದ್ದ. ಪ್ಲೇಟು ಕೆಂಪಾಗಿ, ಕೇಸರಿಯಾಗಿ, ಅವನ ಏಟಿಗೆ ಹಪ್ಪಳದ ಹಾಗೆ ಬಾಗಿತು. ಆಮೇಲೆ ಅವನು ಅದನ್ನು ಇಕ್ಕಳದಲ್ಲಿ ಹಿಡಿದು ಎಣ್ಣೆಯ ಡ್ರಮ್ಮಿಗೆ ಅದ್ದಿದ. ಭುಗ್ಗೆಂದು ಬೆಂಕಿ ಎದ್ದು ಆರಿತು. ಮೆತ್ತಗಿದ್ದದ್ದು ಆ ಒಂದು ಕ್ಷಣದಲ್ಲಿ ಇನ್ನೆಂದೂ ಸೋಲದ ಹಾಗೆ ಗಟ್ಟಿಯಾಗಿತ್ತು. ಸಂಜೆ ತಣ್ಣಗಾದ ಮೇಲೆ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ನಾನದನ್ನು ಮುಟ್ಟಿ ನೋಡಿದೆ. ಏಕೋ ಕೈಮುಗಿಯಬೇಕು ಅನ್ನಿಸಿತು. ಮುಗಿಯಲಿಲ್ಲ, ಇವರು ಕಂಡರೆ ವರ್ಷವಿಡೀ ಆಡಿಕೊಳ್ಳುತ್ತಿದ್ದರು.

ಹಳೆಯ ಪ್ಲೇಟುಗಳಿಗೂ ಹೊಸದಾಗಿ ಬಾಗು ಕೊಟ್ಟು, ಕೆಳಗೆ ಎರಡೂ ಕಡೆ ಈ ದಪ್ಪ ಪ್ಲೇಟು ಸೇರಿಸಿ, ಬೋಲ್ಟು ಬಿಗಿದಾಗ ಜೀಪು ಹಿಂಭಾಗವನ್ನು ಎತ್ತಿಕೊಂಡು ನಿಂತಿತು.

“ಇನ್ನು ಆನೆ ಕೂರ್ಸಿ ಬೇಕಾದ್ರೆ,” ಎಂದ ಕುಲುಮೆಯವನು. “ಆದ್ರೆ ಗೌಡ್ರೆ, ಖಾಲಿ ಓಡಿಸ್ಬೇಡಿ. ಇದಕ್ಕೆ ಭಾರ ಬೇಕು. ಭಾರ ಇಲ್ದಿದ್ರೆ ಕುಣಿಯತ್ತೆ.”

ಕುಣಿಯಿತು. ಸಾಗರ ಬಿಟ್ಟಲ್ಲಿಂದ ಹೊಸನಗರದವರೆಗೆ ನಾನು ಸೀಟಿನಲ್ಲಿ ಕೂತದ್ದಕ್ಕಿಂತ ಗಾಳಿಯಲ್ಲಿ ಇದ್ದದ್ದೇ ಹೆಚ್ಚು. ಸಣ್ಣ ಗುಂಡಿಗೂ ಹಿಂಭಾಗ ನೆಗೆದು ಧಡ್ಡನೆ ಬೀಳುತ್ತಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಹೊಸನಗರ ಬಂದ ಕೂಡಲೇ, “ನನ್ನ ಇಲ್ಲೇ ಇಳಿಸಿ. ನಾನು ಬಸ್ಸಿಗೆ ಬರ್ತೀನಿ. ನಿಮ್ಮ ಆನೆ ಸಿಕ್ಕಿದ ಮೇಲೆ ಕರೀರಿ,” ಎಂದೆ.

ಆನೆ ಸಿಗಲಿಲ್ಲ, ದಿಬ್ಬಣ ಸಿಕ್ಕಿತು. ಅವರ ಬಾಡಿಗೆ ಬಸ್ಸು ಕೆಟ್ಟು ರಸ್ತೆಯ ಪಕ್ಕ ನಿಂತಿತ್ತು. ತೀರ್ಥಹಳ್ಳಿ ಕಡೆಗೇ ಹೋಗುವವರು. ಇವರು ಎಂದಿನಂತೆ ಇಲ್ಲ ಅನ್ನಲಿಲ್ಲ. ಹೆಂಗಸರು, ಮುದುಕರು, ಪಾತ್ರೆ ಪಗಡೆ ಎಲ್ಲ ಒಳಗೆ ಬಂದವು. ಮೈಮೇಲೆ ಜನ ಬಿದ್ದರಲ್ಲ ಎಂದು ಮುಖ ಗಂಟಿಕ್ಕಿಕೊಂಡು ಕೂತಿದ್ದ ನಾನು ಸ್ವಲ್ಪ ದೂರ ಹೋದ ಮೇಲೆ ಬೆರಗಾಗಿ ಸುತ್ತ ನೋಡಿದೆ. ಅದೇ ಜೀಪು, ಅದೇ ಗುಂಡಿಗಳು. ಗಾಡಿ ಮಾತ್ರ ತೊಟ್ಟಿಲಿನಂತೆ ತೂಗುತ್ತಿತ್ತು. ನನ್ನ ಎದುರಿನ ಮುದುಕಿಯ ಮಡಿಲಲ್ಲಿ ನೀರು ತುಂಬಿದ ಹಿತ್ತಾಳೆ ಚೊಂಬಿತ್ತು. ದೇವಸ್ಥಾನದ ತೀರ್ಥವೋ ಏನೋ, ಜೋಪಾನವಾಗಿ ಹಿಡಿದುಕೊಂಡಿದ್ದಳು. ನೀರು ಅಲುಗಿತೇ ಹೊರತು ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ.

ಇದಾಗಿ ಕೆಲವು ವರ್ಷಗಳ ನಂತರ, ಎಂಬತ್ತರ ದಶಕದ ಮೊದಲಲ್ಲಿ, ನಾನು ಎಂಟು ತಿಂಗಳ ಬಸುರಿ. ಅದಕ್ಕೂ ಮುಂಚೆ ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು. ಆ ದುಃಖವನ್ನು ವಿವರಿಸಲಾರೆ. ಮೂರನೆಯದು ನಿಂತಿದೆ ಎಂದು ಬಾಯಿಬಿಟ್ಟು ಹೇಳಲೂ ಮನೆಯಲ್ಲಿ ಎಲ್ಲರಿಗೂ ಹೆದರಿಕೆ. ತೀರ್ಥಹಳ್ಳಿಯ ಡಾಕ್ಟರು, ದಿನ ಹತ್ತಿರ ಬರುವ ಮೊದಲೇ ಪೇಟೆಗೆ ಬಂದು ಇದ್ದುಬಿಡಿ, ಮೈ ಕುಲುಕಬಾರದು ಎಂದು ಎಚ್ಚರಿಸಿದ್ದರು. ಬರುವ ವಾರ ಹೋಗುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಒಂದು ಬೆಳಿಗ್ಗೆ, ತಿಂಡಿಯ ಹೊತ್ತಿಗೆ, ನನಗೆ ರಕ್ತ ಹೋಗಲು ಶುರುವಾಯಿತು.

ಅಂದು ಜೀಪು ಪೇಟೆಗೆ ಹೋಗಲೆಂದು ಅಡಿಕೆ ಮೂಟೆ ತುಂಬಿಕೊಂಡು ಅಂಗಳದಲ್ಲೇ ನಿಂತಿತ್ತು. ಸುದ್ದಿ ಕೇಳಿ ಅಕ್ಕಪಕ್ಕದವರು ಓಡಿಬಂದರು. ನಮ್ಮ ಕಡೆ ಬಸುರಿ ಬಾಣಂತಿಯರನ್ನು ಗಾಡಿಯಲ್ಲಿ ಕೊಂಡೊಯ್ಯುವಾಗ ಬೇರೆ ಯಾರೂ ಹತ್ತುವುದಿಲ್ಲ. ಜಾಗ ಬಿಡಬೇಕು, ಗಾಳಿ ಆಡಬೇಕು, ಅದು ಮರ್ಯಾದೆ. ಆ ಮರ್ಯಾದೆಗೆ ತಕ್ಕಂತೆ ಎಲ್ಲ ಸೇರಿ ಮೂಟೆಗಳನ್ನು ದಬದಬನೆ ಇಳಿಸಿ, ಜೀಪನ್ನು ಪೂರ್ತಿ ಬರಿದು ಮಾಡಿ, ಹಾಸಿಗೆ ಹಾಸಿ ನನ್ನನ್ನು ಮಲಗಿಸಿದರು. ನನ್ನ ಜೊತೆ ಅತ್ತೆಯೊಬ್ಬರೇ. ಎಲ್ಲರೂ ಒಳ್ಳೆಯದನ್ನೇ ಮಾಡಿದ್ದರು. ಖಾಲಿ ಜೀಪಿನ ಸ್ವಭಾವ ಆ ಗಾಬರಿಯಲ್ಲಿ ಇವರಿಗೂ ನೆನಪಾಗಲಿಲ್ಲ, ನನಗೂ ಆಗಲಿಲ್ಲ.

ಮೊದಲ ಬಂಡೆಗೇ ಜೀಪು ನೆಗೆಯಿತು. ಕೆಳಗೆ ಬಿದ್ದಾಗ ನನ್ನೊಳಗೆ ಏನೋ ಕಿತ್ತ ಹಾಗಾಯಿತು. ಇವರು ಎತ್ತಿನ ಗಾಡಿಗಿಂತ ನಿಧಾನ ಓಡಿಸಿದರು. ಎಷ್ಟು ನಿಧಾನ ಹೋದರೂ ಆ ದಪ್ಪ ಪ್ಲೇಟು ಬಾಗಲೊಲ್ಲದು. ಒಂದೊಂದು ಕಲ್ಲನ್ನೂ ಎತ್ತಿ ತಂದು ನನ್ನ ಸೊಂಟಕ್ಕೆ ಹಾಕುತ್ತಿತ್ತು. ಒಂದೊಂದು ಕುಲುಕಿಗೂ ಬಟ್ಟೆ ಒದ್ದೆಯಾಗುವುದು ನನಗೆ ತಿಳಿಯುತ್ತಿತ್ತು. ಅತ್ತೆ ನನ್ನ ಭುಜ ಒತ್ತಿ ಹಿಡಿದು ದೇವರ ಹೆಸರು ಹೇಳುತ್ತಿದ್ದರು. ಈ ಮಗುವೂ ದಾರಿಯಲ್ಲೇ ಹೋಗುತ್ತದೆ ಎಂದು ನನಗೆ ಖಚಿತವಾಯಿತು.

“ನಿಲ್ಸಿ!” ಎಂದು ಕಿರುಚಿದೆ.

ಜೀಪು ನಿಂತದ್ದು ಗದ್ದೆ ಬಯಲಿನ ಅಂಚಿಗೆ. ಪಕ್ಕದಲ್ಲೇ ಕಣ. ಭತ್ತ ಬಡಿಯುತ್ತಿದ್ದವರು ಕೈ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ಇವರು ಹಿಂದಕ್ಕೆ ಓಡಿಬಂದರು. 

“ಎಂತ ಆತು? ಇನ್ನೂ ನಿಧಾನ ಹೋಗ್ತೀನಿ, ಸ್ವಲ್ಪ ತಡ್ಕಾ,” ಎಂದರು.

ನನಗೆ ಆಗ ಕಣ್ಣೆದುರು ಬಂದದ್ದು ಆ ಹಿತ್ತಾಳೆ ಚೊಂಬು. “ನಿಧಾನ ಬ್ಯಾಡ. ಭಾರ ಹಾಕಿ. ಅವತ್ತು ದಿಬ್ಬಣ ಹತ್ತಿದಾಗ ಹೆಂಗೆ ಬಂತು ಗಾಡಿ, ನೆನಪಿಲ್ವಾ?” ಎಂದೆ.

ಇವರಿಗೆ ಥಟ್ಟನೆ ಅರ್ಥವಾಯಿತು. ಆದರೆ ಮೂಟೆಗಳು ಮೇಲೆ ಅಂಗಳದಲ್ಲಿ. ತರಲು ಮತ್ತೆ ಅದೇ ಬಂಡೆಗಳನ್ನು ಹತ್ತಿ ಇಳಿಯಬೇಕಿತ್ತು, ಅಷ್ಟು ಹೊತ್ತಿರಲಿಲ್ಲ. ಕಣದ ಭತ್ತವನ್ನು ಇನ್ನೂ ತೂರಿರಲಿಲ್ಲ, ಚೀಲಕ್ಕೆ ತುಂಬಿರಲಿಲ್ಲ. ಅಲ್ಲಿದ್ದದ್ದು ಜನ ಮಾತ್ರ.

ಆ ಜನರ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ನಮ್ಮ ಗದ್ದೆಯಲ್ಲಿ ದುಡಿಯುವವರು. ಜೀಪಿನಲ್ಲಿ ಬರುವುದಿದ್ದರೆ ಹಿಂದಿನ ಮೆಟ್ಟಿಲ ಮೇಲೆ ನಿಂತು, ಮೇಲಿನ ಕಂಬಿ ಹಿಡಿದು, ಜೋತುಕೊಂಡೇ ಬರುತ್ತಿದ್ದರು. ಒಳಗೆ ಮೂಟೆ ಕೂರುತ್ತಿತ್ತು, ಅವರು ಕೂರುತ್ತಿರಲಿಲ್ಲ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಅತ್ತೆಯ ಒಂದು ನೋಟ ಸಾಕಿತ್ತು. ಆ ಜನರ ನೆರಳು ತಾಗಿದರೂ ಸೆರಗು ಎಳೆದುಕೊಳ್ಳುತ್ತಿದ್ದ ಹೆಂಗಸು ಅವರು. ನಾನು ಮಲಗಿದ್ದಲ್ಲಿಂದ ಅತ್ತೆಯ ಮುಖ ನೋಡಿದೆ. ಅವರು ಕಣದ ಕಡೆ ನೋಡಿದರು, ನನ್ನ ಒದ್ದೆ ಸೀರೆಯ ಕಡೆ ನೋಡಿದರು. ಆಮೇಲೆ ಜೀಪಿನಿಂದ ತಾವೇ ಇಳಿದರು.

“ಬನ್ನಿ, ಎಲ್ಲಾರೂ ಬನ್ನಿ. ಹತ್ತಿ ಜೀಪು.”

“ನಾವಾ ಅಮ್ಮಾ?” ಎಂದಳು ಅವರಲ್ಲಿ ಹಿರಿಯವಳಾದ ಒಬ್ಬ ಹೆಂಗಸು. “ಮೈಯೆಲ್ಲಾ ಹೊಟ್ಟು, ಬೆವರು. ಸಣ್ಣಮ್ಮ ಮಲಗಿದಾರೆ…” ಅವರೆಲ್ಲ ನನ್ನನ್ನು ಕರೆಯುತ್ತಿದ್ದದ್ದು ಹಾಗೆ.

“ಹೊಟ್ಟಿದ್ರೆ ಇರ್ಲಿ. ಹಿಂದೆ ನಿಲ್ಲಬ್ಯಾಡಿ, ಒಳಗೆ ಬನ್ನಿ. ಮಗು ಉಳೀಬೇಕು,” ಎಂದು ಅತ್ತೆ ಅವಳ ರಟ್ಟೆ ಹಿಡಿದು ಎಳೆದರು.

ಕೈಯಲ್ಲಿದ್ದ ಹುಲ್ಲಿನ ಕಟ್ಟು ಅಲ್ಲೇ ಬಿಟ್ಟು ಬಂದರು. ಹತ್ತು ಹನ್ನೆರಡು ಜನ ಇದ್ದಿರಬೇಕು. ಹಿರಿಯವಳು ನನ್ನ ತಲೆಯನ್ನು ತನ್ನ ಮಡಿಲಿಗೆ ತೆಗೆದುಕೊಂಡಳು. ಉಳಿದವರು ನನ್ನ ಸುತ್ತ ಒತ್ತೊತ್ತಾಗಿ ಕೂತರು. ಗಂಡಸರು ಚಕ್ರದ ಮೇಲಿನ ಕಡೆ, ಬಾಗಿಲ ಕಡೆ. ಒಬ್ಬೊಬ್ಬರು ಹತ್ತಿದ ಹಾಗೆಲ್ಲ ಹಾಸಿಗೆಯ ಕೆಳಗೆ ಜೀಪು ಸ್ವಲ್ಪ ಸ್ವಲ್ಪ ತಗ್ಗುವುದು ನನ್ನ ಬೆನ್ನಿಗೆ ತಿಳಿಯಿತು. ಪ್ಲೇಟುಗಳು ಒಂದರ ಮೇಲೊಂದು ಸರಿದು ಕಿರ್ರೆಂದವು. ಕೊನೆಗೆ ಅತ್ತೆ ಹತ್ತಿದರು. ಅವರಿಗೆ ಉಳಿದದ್ದು ಇಬ್ಬರು ಗಂಡಸರ ನಡುವಿನ ಒಂದು ಗೇಣು ಜಾಗ. ಅಲ್ಲೇ ತೂರಿಕೊಂಡು ಕೂತರು.

ಜೀಪು ಹೊರಟಿತು. ನಾನು ಹಲ್ಲು ಕಚ್ಚಿಕೊಂಡು ಮುಂದಿನ ಬಂಡೆಗಾಗಿ ಕಾದೆ. ಬಂಡೆ ಬಂತು. ಗಾಡಿ ಒಮ್ಮೆ ಮೆಲ್ಲಗೆ ತಗ್ಗಿ, ಮೆಲ್ಲಗೆ ಎದ್ದು, ಅದನ್ನು ದಾಟಿತು. ಅಷ್ಟೇ. ಇನ್ನೊಂದು ಬಂತು. ಅದೂ ಅಷ್ಟೇ. ನಾನು ಹಲ್ಲು ಸಡಿಲಿಸಿದೆ. ಆ ಗಳಿಗೆ ಇಂದಿಗೂ ನೆನಪಿದೆ. ಹುಲ್ಲಿನ ವಾಸನೆ, ಬೆವರಿನ ವಾಸನೆ, ಯಾರದೋ ತಲೆಯಿಂದ ನನ್ನ ಕೆನ್ನೆಗೆ ಉದುರುತ್ತಿದ್ದ ಹೊಟ್ಟು. ತಿರುವು ಬಂದಾಗ ನನ್ನ ಮೇಲೆ ವಾಲಬಾರದೆಂದು ಅಷ್ಟೂ ಜನ ಉಸಿರು ಬಿಗಿಹಿಡಿದು ಆಚೆಗೆ ಒರಗುತ್ತಿದ್ದರು. ಅವರೆಲ್ಲ ಸುಮ್ಮನೆ ಕೂತಿದ್ದರು, ತಾವು ಎಷ್ಟು ಭಾರವಿದ್ದೇವೋ ಅಷ್ಟೂ ಭಾರವಾಗಿ ಕೂತಿದ್ದರು. ನನ್ನ ಮಗುವಿಗೆ ಆಗ ಬೇಕಿದ್ದದ್ದು ಅದೊಂದೇ.

“ಉಸ್ರು ಬಿಡಿ ಸಣ್ಣಮ್ಮ,” ಎಂದು ಹಿರಿಯವಳು ಒಂದೆರಡು ಸಲ ಹೇಳಿದಳು. ಬಿಟ್ಟೆ.

ತೀರ್ಥಹಳ್ಳಿಯ ಆಸ್ಪತ್ರೆ ಬಾಗಿಲಲ್ಲಿ ನನ್ನನ್ನು ಸ್ಟ್ರೆಚರಿಗೆ ಹಾಕಿದರು. ಒಳಗೆ ತಳ್ಳಿಕೊಂಡು ಹೋಗುವ ಮೊದಲು ನನ್ನ ಮುಖ ಜೀಪಿನ ಕಡೆಗಿತ್ತು. ಅವರು ಇಳಿಯುತ್ತಿದ್ದರು. ಒಬ್ಬರು ಇಳಿದರೆ ಹಿಂಭಾಗ ಒಂದಿಷ್ಟು ಮೇಲೇಳುತ್ತಿತ್ತು, ಇನ್ನೊಬ್ಬರು ಇಳಿದರೆ ಇನ್ನೊಂದಿಷ್ಟು. ಕೊನೆಗೆ ಹಿರಿಯವಳು ಮರಗಟ್ಟಿದ ಕಾಲು ಎಳೆದುಕೊಂಡು ಇಳಿದಾಗ ಜೀಪು ಹಿಂಭಾಗ ಪೂರ್ತಿ ಎತ್ತಿ ನಿಂತಿತು. ಪೇಟೆಯ ನಡುವೆ ಬರಿಗಾಲಲ್ಲಿ, ಮೈತುಂಬ ಹೊಟ್ಟು ಮೆತ್ತಿಕೊಂಡು, ಅಲ್ಲಿ ತಮಗೇನೂ ಕೆಲಸವಿಲ್ಲದೆ ಅವರು ನಿಂತಿದ್ದರು. ಆಮೇಲೆ ಬಾಗಿಲು ಮುಚ್ಚಿತು.

ಆಪರೇಷನ್ ಮಾಡಿ ಮಗುವನ್ನು ತೆಗೆದರು. ಹೆಣ್ಣು. ಅಳಲು ತಡ ಮಾಡಿತು, ಆದರೆ ಅತ್ತಿತು. ಇನ್ನು ಸ್ವಲ್ಪ ಹೆಚ್ಚು ಕುಲುಕಿದ್ದರೆ ಇಬ್ಬರೂ ದಕ್ಕುತ್ತಿರಲಿಲ್ಲ ಎಂದು ಡಾಕ್ಟರು ಇವರಿಗೆ ಹೇಳಿದರಂತೆ. ಭತ್ತ ಬಡಿಯುವವರು ಅಂದು ಸಂಜೆಯವರೆಗೂ ಆಸ್ಪತ್ರೆಯ ಕಾಂಪೌಂಡಿನಲ್ಲೇ ಕೂತಿದ್ದು, ಮಗು ಅತ್ತ ಸುದ್ದಿ ಕೇಳಿದ ಮೇಲೆಯೇ ಎದ್ದು ಹೋದರೆಂದೂ ಇವರೇ ಹೇಳಿದರು.

ಹೊಲಿಗೆ ಬಿಚ್ಚಿ, ನನ್ನನ್ನು ಮನೆಗೆ ಕಳಿಸುವ ದಿನ ಬಂತು. ಮಗುವನ್ನು ಎತ್ತಿಕೊಂಡು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತಿದ್ದೆ. ಒಳಗೊಳಗೇ ಹೆದರಿಕೆ. ಆ ಗುಡ್ಡದ ದಾರಿಯಲ್ಲಿ, ಖಾಲಿ ಜೀಪಿನಲ್ಲಿ, ಇಷ್ಟು ಎಳೆ ಜೀವವನ್ನು ಹೇಗೆ ಕೊಂಡುಹೋಗುವುದು? ನಾಲ್ಕು ಮೂಟೆ ಗೊಬ್ಬರವನ್ನಾದರೂ ಹಾಕಿಸಬೇಕು ಎಂದುಕೊಳ್ಳುತ್ತಿದ್ದೆ.

ಜೀಪು ಗೇಟಿನೊಳಗೆ ಬಂತು. ಹಿಂಭಾಗ ತಗ್ಗಿತ್ತು.

ಒಳಗೆ ಅವರೆಲ್ಲ ಇದ್ದರು. ಮಿಂದು, ಒಗೆದ ಬಟ್ಟೆ ಉಟ್ಟು, ಎಣ್ಣೆ ಹಾಕಿ ತಲೆ ಬಾಚಿಕೊಂಡು ಬಂದಿದ್ದರು. ಇವರು ಕರೆದಿರಲಿಲ್ಲವಂತೆ, ಬೆಳಿಗ್ಗೆ ಜೀಪು ಹೊರಡುವಾಗ ಕಣದ ಬಳಿ ತಾವೇ ಕಾದು ನಿಂತಿದ್ದರಂತೆ. “ಖಾಲಿ ಗಾಡೀಲಿ ಮಗೂನ ಹೆಂಗೆ ತರಾದು ಸಣ್ಣಮ್ಮ?” ಎಂದಳು ಹಿರಿಯವಳು, ನನಗೆ ಅಷ್ಟೂ ತಿಳಿಯುವುದಿಲ್ಲವೇ ಎಂಬಂತೆ. ಮುಂದೆ ಡ್ರೈವರ್ ಪಕ್ಕದ ಸೀಟು ಖಾಲಿಯಿತ್ತು. ಅತ್ತೆ ಅಲ್ಲಿ ಕೂತಿರಲಿಲ್ಲ. ಹಿಂದೆ ಅವರ ನಡುವೆ ಒತ್ತಿಕೊಂಡು ಕೂತಿದ್ದರು. ನಾನೇ ಮಗುವನ್ನು ಹಿರಿಯವಳ ಮಡಿಲಿಗೆ ಕೊಟ್ಟೆ. ಅತ್ತೆ ಜರುಗಿ ಅವಳಿಗೆ ಜಾಗ ಮಾಡಿದರು.

ಮೇಳಿಗೆ ದಾಟಿ ಗುಡ್ಡ ಹತ್ತುವಾಗ ಬಂಡೆಗಳು ಒಂದೊಂದಾಗಿ ಬಂದು ಹೋದವು. ಮಗುವಿಗೆ ಮನೆ ಮುಟ್ಟುವವರೆಗೂ ಎಚ್ಚರವಾಗಲಿಲ್ಲ.