ಕೊರಂಬಿನಡಿಯ ಹೆಂಗಸು ಯಾರು?

ಇವತ್ತು ಬಲ್ಮಠದ ಸಭಾಂಗಣದಲ್ಲಿ ನನ್ನ ಅಮ್ಮ ಸಂಶೋಧಕರೊಬ್ಬರ ಕೈಯಿಂದ ಮೈಕ್ ಕಿತ್ತುಕೊಂಡರು ಮಾರಾಯ್ರೇ!

ಅಮ್ಮನ ಹುಟ್ಟೂರಿನ ಚರಿತ್ರೆಯ ಬಗ್ಗೆ ವಿಚಾರಸಂಕಿರಣ. ಪರದೆಯ ಮೇಲೆ ಹಳೆಯ ಫೋಟೋ ಒಂದು ಬಂತು. ಮಳೆಗೆ ತಲೆ-ಬೆನ್ನು ಮುಚ್ಚುವ ತಾಳೆಗರಿಯ ಕೊರಂಬು ಹೊದ್ದು, ಬಗ್ಗಿ ಭತ್ತದ ನೇಜಿ ನೆಡುತ್ತಿರುವ ಹೆಂಗಸು. ಮುಖ ಕಾಣುವುದಿಲ್ಲ. ಅಡಿಯಲ್ಲಿ "ಹೆಸರು ತಿಳಿಯದ ಮಹಿಳೆ" ಎಂದಿತ್ತು.

ಅಮ್ಮ ವೇದಿಕೆ ಹತ್ತಿದ್ದು ಆಗಲೇ. "ತಿಳಿಯದೆ ಎಂತ? ಅದು ನಾನೇ! ಪಟೇಲರ ಗದ್ದೆ ಅದು."

ಹಿಂದಿನ ಸಾಲಿನಿಂದ ಅಮ್ಮನ ಬಾಲ್ಯದ ಗೆಳತಿ ಲಿಲ್ಲಿಬಾಯಿ ಎದ್ದರು. "ನೀನು ಎಲ್ಲಿ ಮಾರಾಯ್ತಿ? ಕೊರಂಬು ನನ್ನದು. ಅಂಚು ಹರಿದದ್ದು ಕಾಣ್ತದಲ್ಲ!"

ಐದು ನಿಮಿಷ ತುಳುವಿನಲ್ಲಿ ವಾದ ನಡೆಯಿತು. ಸಂಶೋಧಕರು ಖುಷಿಯಿಂದ ಪೆನ್ನು ತೆಗೆದರು. "ಒಂದು ಹೆಸರು ಹೇಳಿ ಅಮ್ಮಾ, ಪುಸ್ತಕ ನಾಳೆ ಅಚ್ಚಿಗೆ ಹೋಗ್ತದೆ."

"ನೆಟ್ಟ ಸಾಲು ದೊಡ್ಡದು ಮಾಡಿ ತೋರಿಸಿ. ನನ್ನ ಸಾಲು ನೂಲು ಹಿಡಿದ ಹಾಗೆ ಇರ್ತದೆ," ಎಂದರು ಅಮ್ಮ.

"ನನ್ನದೂ ಹಾಗೇ," ಎಂದರು ಲಿಲ್ಲಿಬಾಯಿ.

ದೊಡ್ಡದು ಮಾಡಿದರು. ಸಾಲು ಕುಡಿದವನು ಮನೆಗೆ ಹೋದ ದಾರಿಯ ಹಾಗೆ ಸೊಟ್ಟಗಿತ್ತು.

ಅಮ್ಮ ಕನ್ನಡಕ ಸರಿಮಾಡಿಕೊಂಡು ಮೈಕನ್ನು ಗೆಳತಿಯತ್ತ ಚಾಚಿದರು. "ಹೌದು ಮಾರಾಯ್ತಿ, ಅದು ನೀನೇ."

"ಛೆ ಛೆ! ಆವತ್ತು ಕೊರಂಬು ನಿನಗೆ ಕೊಟ್ಟಿದ್ದೆ, ಈಗ ನೆನಪಾಯ್ತು!"

ಸಂಶೋಧಕರು ಪೆನ್ನು ಮುಚ್ಚಿದರು. ಇಬ್ಬರೂ ಒಂದೇ ರಿಕ್ಷಾದಲ್ಲಿ ನಗುತ್ತಾ ಬಿಜೈಗೆ ಹೋದರು.

ಊರಿನ ಚರಿತ್ರೆಯಲ್ಲಿ ಹೆಸರಿಲ್ಲದವರು ಇಷ್ಟೊಂದು ಜನ ಏಕೆಂದು ನನಗೆ ಇವತ್ತು ಅರ್ಥವಾಯಿತು. ಎಲ್ಲರ ಸಾಲೂ ಸೊಟ್ಟಗಿದ್ದಿರಬೇಕು.