ತುಳೀಬೇಡಿ, ಇನ್ನೂ ಹಸಿ ಇದೆ

ಟೈಲ್ಸ್ ಮೇಸ್ತ್ರಿಗೆ ಜೊತೆಯವರು ನೆಲದ ಮಟ್ಟ ನೋಡುವ ಉಪಕರಣದ ಹೆಸರನ್ನೇ ಇಟ್ಟಿದ್ದರು, ರಸಮಟ್ಟ ಅಂತ. ನೆಲ ಕೂದಲೆಳೆಯಷ್ಟು ಓರೆಯಾಗಿದ್ದರೂ ಅವನಿಗೆ ಅನ್ನ ಸೇರುತ್ತಿರಲಿಲ್ಲ. ನೆಂಟರ ಮನೆಗೆ ಹೋದರೆ ಮಾತು ಒಂದು ಕಡೆ, ಕಣ್ಣು ನೆಲದ ಕಡೆ. ಯಾರೂ ನೋಡದಾಗ ಬೆರಳ ಗೆಣ್ಣಿನಿಂದ ಟೈಲ್ಸ್ ತಟ್ಟಿ, "ಕೆಳಗೆ ಪೊಳ್ಳು ಕಣೇ" ಎಂದು ಹೆಂಡತಿಯ ಕಿವಿಯಲ್ಲಿ ಉಸುರಿ ತಿವಿಸಿಕೊಳ್ಳುತ್ತಿದ್ದ.

ಅವನ ಜಗಳವೆಲ್ಲ ಮನೆ ಮಾಲೀಕರ ಜೊತೆ. ಟೈಲ್ಸ್ ಕೂರಿಸಿ, ಬಾಗಿಲಿಗೆ ಹಲಗೆ ಅಡ್ಡ ಇಟ್ಟು, "ತುಳೀಬೇಡಿ, ಇನ್ನೂ ಹಸಿ ಇದೆ" ಎಂದು ಹೇಳಿ ಹೋಗುತ್ತಿದ್ದ. ಮರುದಿನ ಬಂದರೆ ಹಲಗೆ ಗೋಡೆಗೆ ಒರಗಿರುತ್ತಿತ್ತು. "ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ನೆ ಹೇಳಿಲ್ಲ ದೊಡ್ಡೋರು. ಮೇಲೆ ಗಟ್ಟಿ ಕಂಡ್ರೆ ಒಳಗೂ ಗಟ್ಟಿ ಆಗೋಯ್ತಾ?" ಎಂದು ಹರಿಹಾಯುತ್ತಿದ್ದ. ಗಾರೆ ಕೈಕೊಟ್ಟು ನೆಲವೆಲ್ಲ ಪೊಳ್ಳಾಗಿ, ಒಡೆದು ಹಾಕುವುದೊಂದೇ ಗತಿ ಎಂದಾದಾಗ ಮಾತ್ರ ಹಲಗೆಯನ್ನು ಅವನೇ ಎತ್ತಿಡುತ್ತಿದ್ದ. ಆಗ ಬೈಗುಳವೂ ಇರುತ್ತಿರಲಿಲ್ಲ. "ಇನ್ನು ಯಾರು ಬೇಕಾದ್ರೂ ತುಳೀಲಿ" ಎಂದು ಸುಮ್ಮನಾಗುತ್ತಿದ್ದ.

ಅಂಥವನು ಒಂದು ದಿನ ಹೆಗಲ ಮೇಲೆ ಟೈಲ್ಸ್ ಪೆಟ್ಟಿಗೆ ಹೊತ್ತು ತಿರುಗಿದ. ಪಾದ ಎರಡು ಹಲಗೆಗಳ ಸಂದಿಯಲ್ಲಿ ಸಿಕ್ಕಿತ್ತು. ಮೈ ತಿರುಗಿತು, ಪಾದ ತಿರುಗಲಿಲ್ಲ. ಮಂಡಿ ಬಾತು ಕುಂಬಳಕಾಯಿಯಾಯಿತು. ಸ್ಕ್ಯಾನಿಂಗ್ ನೋಡಿದ ಡಾಕ್ಟರಮ್ಮ, ಲಿಗಮೆಂಟ್ ಹರಿದಿದೆ, ಆಪರೇಷನ್ ಮಾಡಿ ಹೊಸದು ಕಟ್ಟಬೇಕು ಎಂದರು. ಅಷ್ಟಕ್ಕೇ ಮುಗಿಯಲಿಲ್ಲ. ಮೂಳೆಗಳ ನಡುವಿನ ಮೆತ್ತೆಯೂ ಹರಿದಿತ್ತು. ಅದಕ್ಕೆ ಮೆನಿಸ್ಕಸ್ ಅಂತ ಹೆಸರಂತೆ.

"ಲಿಗಮೆಂಟ್ ಕಟ್ಟುವಾಗಲೇ ಅದನ್ನೂ ಸರಿ ಮಾಡ್ಬೇಕು. ಹರಿದ ತುಂಡನ್ನ ಕತ್ತರಿಸಿ ತೆಗೆದ್ರೆ ಬೇಗ ಓಡಾಡ್ತೀರಿ. ಹೊಲಿದ್ರೆ ತಡ, ಆದ್ರೆ ಮೆತ್ತೆ ಉಳಿಯುತ್ತೆ. ನಿಮ್ಮದು ದಿನವಿಡೀ ಕುಕ್ಕರುಗಾಲಲ್ಲಿ ಕೂರೋ ಕೆಲಸ. ಮೆತ್ತೆ ಹೋದ್ರೆ ಮೂಳೆ ಸವೆಯುತ್ತೆ."

"ಹೊಲಿದುಬಿಡಿ ಮೇಡಂ," ಎಂದ ಮೇಸ್ತ್ರಿ. "ಕೆಳಗೆ ಗಾರೆ ಇಲ್ದೆ ಟೈಲ್ಸ್ ನಿಲ್ಲಲ್ಲ, ನನಗೆ ಗೊತ್ತಿಲ್ವಾ."

"ಹಾಗಾದ್ರೆ ನಾನು ಹೇಳೋವರೆಗೂ ಕುಕ್ಕರುಗಾಲಲ್ಲಿ ಕೂರಬಾರದು. ನೋವಿಲ್ಲ ಅಂತ ಕೂತ್ರೆ ಹೊಲಿಗೆ ಬಿಟ್ಟೋಗುತ್ತೆ. ಮತ್ತೆ ಹೊಲಿಯೋಕೆ ಆಗ್ದೇನೂ ಇರಬಹುದು."

ಆಪರೇಷನ್ ಚೆನ್ನಾಗಿಯೇ ಆಯಿತು. ಹೆಂಡತಿ ಅವನ ಕೆಲಸದ ಚೀಲವನ್ನು ಅಟ್ಟಕ್ಕೇರಿಸಿದಳು. ತಾನು ಕೆಲಸಕ್ಕೆ ಹೋಗುವಾಗ ಬಾಗಿಲಿಗೆ ಅವನದೇ ಹಲಗೆಯನ್ನು ಅಡ್ಡ ಇಟ್ಟು, "ತುಳೀಬೇಡಿ, ಇನ್ನೂ ಹಸಿ ಇದೆ" ಎಂದು ಅವನ ದನಿಯಲ್ಲೇ ಅಣಕಿಸಿದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು.

ಡಾಕ್ಟರಮ್ಮ ಹೇಳಿದಂತೆ ಅವನು ಕೇಳಿದ. ಕಾಲಿಗೆ ಪಟ್ಟಿ ಕಟ್ಟಿಕೊಂಡ, ಕಂಕುಳಲ್ಲಿ ಕೋಲು ಊರಿದ, ವ್ಯಾಯಾಮ ತಪ್ಪಿಸಲಿಲ್ಲ. ಕೋಲು ಬಿಡುವ ಹೊತ್ತಿಗೆ ನೋವು ಹೋಯಿತು. ಹೋದದ್ದೇ ಮುಳುವಾಯಿತು. ಅವನ ಕೆಲಸಗಳನ್ನೆಲ್ಲ ಈಗ ಬಾಮೈದ ನೋಡಿಕೊಳ್ಳುತ್ತಿದ್ದ. ಮೊದಮೊದಲು ಎಲ್ಲದಕ್ಕೂ ಫೋನ್ ಮಾಡಿ ಕೇಳುತ್ತಿದ್ದವನು ಬರಬರುತ್ತಾ ಕೇಳುವುದನ್ನು ಬಿಟ್ಟ. ತಾನಿಲ್ಲದೆಯೂ ನೆಲಗಳು ಆಗುತ್ತಿವೆ ಎಂಬುದು ಮೇಸ್ತ್ರಿಗೆ ಮಂಡಿಗಿಂತ ಹೆಚ್ಚು ನೋಯುತ್ತಿತ್ತು.

ಒಂದು ಮಧ್ಯಾಹ್ನ ಬಾಮೈದನೇ ಬಂದು, "ಬಚ್ಚಲುಮನೆ ಒಂದು ಮುಗಿಸಿದ್ದೀನಿ ಭಾವ, ಕುರ್ಚೀಲಿ ಕೂತು ನೋಡಿ ಸಾಕು" ಎಂದು ಕರೆದುಕೊಂಡು ಹೋದ. ಮೇಸ್ತ್ರಿ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ದೊರೆಯ ಹಾಗೆ ಕೂತ. ಒಂದು ಚೊಂಬು ನೀರು ಚೆಲ್ಲಲು ಹೇಳಿದ. ನೀರು ತೂಬಿನ ಕಡೆ ಹರಿಯಿತು. ಆದರೆ ಮೂಲೆಯಲ್ಲಿ ಅಂಗೈಯಷ್ಟು ನೀರು ನಿಂತೇ ಇತ್ತು.

"ನಿಂತಿದೆ ನೋಡೋ."

"ಹೋಗುತ್ತೆ ಭಾವ, ಸ್ವಲ್ಪ ತಡೀರಿ."

"ಎಲ್ಲಿ ಹೋಗುತ್ತೆ? ಇಳಿಜಾರು ತಪ್ಪಿದೆ."

ಹುಟ್ಟುಗುಣ ಸುಟ್ಟರೂ ಹೋಗದು. ಕೆನ್ನೆಯನ್ನು ನೆಲಕ್ಕೆ ತಾಗಿಸಿ ಗೆರೆ ನೋಡಬೇಕು, ಅದೊಂದೇ ಅವನ ತಲೆಯಲ್ಲಿ. ಕುರ್ಚಿಯಿಂದ ಇಳಿದವನು ಎಂದಿನಂತೆ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಮಂಡಿಯೊಳಗೆ ಕಟ್ ಎಂದಿತು. ದೊಡ್ಡ ಸದ್ದೇನಲ್ಲ. ಆದರೂ ಅವನಿಗೆ ಗೊತ್ತಾಯಿತು, ಪೊಳ್ಳು ಟೈಲ್ಸನ್ನು ತಟ್ಟಿದಾಗ ಗೊತ್ತಾಗುವ ಹಾಗೆ.

ಬಾಮೈದ ಅಯ್ಯಯ್ಯೋ ಎನ್ನುತ್ತಾ ಅವನನ್ನು ಎತ್ತಿ ಕುರ್ಚಿಗೆ ಹಾಕಿದ. ಮೇಸ್ತ್ರಿ ಹಲ್ಲು ಕಚ್ಚಿಕೊಂಡು ಮೂಲೆಯತ್ತ ನೋಡಿದ. ಅಲ್ಲಿ ನೀರಿರಲಿಲ್ಲ. ಬಾಮೈದ ಹೇಳಿದಂತೆಯೇ ಹರಿದುಹೋಗಿತ್ತು. ನೆಲದಲ್ಲಿ ಯಾವ ತಪ್ಪೂ ಇರಲಿಲ್ಲ. ಅವನಿಗೆ ಅಳು ಬಂತು, ನೋವಿಗಲ್ಲ.

ಎರಡನೇ ಆಪರೇಷನ್ ಬೇಗ ಮುಗಿಯಿತು. ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಲಿಗಮೆಂಟ್ ಗಟ್ಟಿಯಾಗಿದೆ. ಮೆತ್ತೆ ಮಾತ್ರ ಹೊಲಿಯೋ ಹಾಗಿರಲಿಲ್ಲ, ಹರಿದದ್ದನ್ನೆಲ್ಲ ತೆಗೆದುಬಿಟ್ಟೆ. ಇವತ್ತಿಂದಲೇ ಕಾಲೂರಿ ನಡೀಬಹುದು. ಪಟ್ಟಿ ಬೇಡ. ನೆಲದ ಕೆಲಸ ಮಾತ್ರ ಮರೆತುಬಿಡಿ."

ಹೆಂಡತಿಗೆ ಕೊನೆಯ ಮಾತು ಕೇಳಿಸಿತೋ ಇಲ್ಲವೋ. "ಕೇಳಿದ್ರೇನ್ರೀ? ಇವತ್ತೇ ನಡೀಬಹುದಂತೆ! ಹೋದ ಸಲ ಎಷ್ಟು ಕಾಯಿಸಿದ್ರು!" ಎಂದು ಅವನ ಕೈ ಹಿಡಿದುಕೊಂಡಳು. ಅವನು ಹೂಂಗುಟ್ಟಿದ.

ಅವನು ಕೋಲಿಲ್ಲದೆ ಮನೆ ಬಾಗಿಲವರೆಗೆ ನಡೆದು ಬಂದ. ಹಲಗೆ ಬಾಗಿಲಿಗೆ ಅಡ್ಡ ಹಾಗೇ ಇತ್ತು. ಹೆಂಡತಿ ಬಗ್ಗಿ ಅದನ್ನು ಎತ್ತಲು ಹೋದಳು.

"ಬಿಡು, ನಾನೇ ತೆಗೀತೀನಿ" ಎಂದ ಮೇಸ್ತ್ರಿ.